ಏನೂ ಇಲ್ಲ ಅಂದಿದ್ದೆ

ನನ್ನ ಶ್ವಾಸಕೋಶದ ಕಾಯಿಲೆಯನ್ನು ನಾನು ಮಗಳಿಂದ ಮುಚ್ಚಿಟ್ಟೆ. ಪ್ರಯಾಣಕ್ಕೆ ಚೀಟಿ ಬರೆದುಕೊಟ್ಟ ವೈದ್ಯರಿಂದ ಮುಚ್ಚಿಟ್ಟೆ, ವಿಮೆಯ ಅರ್ಜಿಯಲ್ಲೂ ಮುಚ್ಚಿಟ್ಟೆ. ಕೊನೆಗೆ ಆಕಾಶದ ಮಧ್ಯದಲ್ಲಿ ನನ್ನ ಕೈಹಿಡಿದು, "ಅಮ್ಮಾ, ನಿಮಗೆ ಮೊದಲಿಂದ ಏನಾದ್ರೂ ಕಾಯಿಲೆ ಇದೆಯಾ?" ಎಂದು ಕೇಳಿದ ಡಾಕ್ಟರ್ ಹುಡುಗಿಗೂ "ಏನೂ ಇಲ್ಲ" ಅಂದೆ. ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು ನಾನು. ಗಾಳಿಯ ಒತ್ತಡ, ಅನಿಲಗಳ ನಿಯಮ ಎಲ್ಲವನ್ನೂ ಕಪ್ಪುಹಲಗೆಯ ಮೇಲೆ ಬರೆದು ವಿವರಿಸಿದವಳು. ಆ ಪಾಠ ನನ್ನ ಎದೆಗೂ ಅನ್ವಯಿಸುತ್ತದೆ ಎಂದು ಯೋಚಿಸದೆ ಹೋದೆ. ಅದರ ಬೆಲೆಯನ್ನು ತೆತ್ತವಳು ತುಂಬು ಗರ್ಭಿಣಿಯಾಗಿದ್ದ ನನ್ನ ಮಗಳು. ಬರೆಯಲೇಬೇಕು ಎನಿಸಿದ್ದು ಅದಕ್ಕೇ.

ಬೀಡಿ, ಸಿಗರೇಟು ನಮ್ಮ ಮನೆಯಲ್ಲಿ ಯಾರೂ ಮುಟ್ಟಿದವರಲ್ಲ. ನನ್ನ ಎದೆಗೆ ಹೊಗೆ ಸೇರಿದ್ದು ಒಲೆಯಿಂದ. ತೀರ್ಥಹಳ್ಳಿ ಸೀಮೆಯ ಅಡಿಕೆ ತೋಟದ ಮನೆಗೆ ನಾನು ಸೊಸೆಯಾಗಿ ಬಂದಾಗ ಅಡುಗೆಮನೆಗೆ ಒಂದು ಗವಾಕ್ಷಿ ಬಿಟ್ಟರೆ ಕಿಟಕಿ ಇರಲಿಲ್ಲ. ಮಳೆಗಾಲದಲ್ಲಿ ನೆನೆದ ಸೌದೆ ಹೊತ್ತಿಕೊಳ್ಳಬೇಕಾದರೆ ಊದುಗೊಳವೆ ಹಿಡಿದು, ಕಣ್ಣುಮೂಗಲ್ಲಿ ನೀರು ಸುರಿಸಿಕೊಂಡು ಊದಬೇಕು. ಬೆಳಗಾಗುವ ಮುಂಚೆ ಬಚ್ಚಲ ಒಲೆ, ಆಮೇಲೆ ಅಡುಗೆ ಒಲೆ, ಶಾಲೆಯಿಂದ ಬಂದ ಮೇಲೆ ಮತ್ತೆ ಒಲೆ. ಕೊನೆ ಕೊಯ್ಲಿನ ದಿನಗಳಲ್ಲಂತೂ ಅಡಿಕೆ ಬೇಯಿಸುವ ಹಂಡೆಯ ಕೆಳಗೆ ನಡುರಾತ್ರಿಯವರೆಗೂ ಉರಿ. ಗ್ಯಾಸ್ ಬಂದ ಮೇಲೂ ಸ್ನಾನದ ನೀರು ಸೌದೆಯಲ್ಲೇ ಕಾಯಬೇಕಿತ್ತು. ಶಿವಮೊಗ್ಗದ ಶ್ವಾಸಕೋಶ ತಜ್ಞರು ಕೊಳವೆಯೊಳಕ್ಕೆ ಜೋರಾಗಿ ಊದಿಸಿ, ಎಕ್ಸ್‌ರೇ ನೋಡಿ, "ಸಿಒಪಿಡಿ" ಅಂದಾಗ ನನಗೆ ಒಪ್ಪಿಗೆಯಾಗಲಿಲ್ಲ. "ನಾನು ಸಿಗರೇಟು ಸೇದಿದವಳಲ್ಲ ಡಾಕ್ಟ್ರೇ" ಅಂದೆ. "ಒಲೆ ಸೇದಿದೀರಲ್ಲ, ಅದೂ ಅಷ್ಟೇ ಕೆಟ್ಟದ್ದು" ಅಂದರು. ನಮ್ಮ ಹಳ್ಳಿಗಳಲ್ಲಿ ಸಿಗರೇಟಿನ ಪರಿಚಯವೇ ಇಲ್ಲದ ಹೆಂಗಸರಿಗೆ ಈ ಕಾಯಿಲೆ ಬರುವುದಕ್ಕೆ ಸೌದೆ, ಬೆರಣಿಗಳ ಹೊಗೆ ದೊಡ್ಡ ಕಾರಣ ಎಂಬುದನ್ನು ಅವರು ಬಿಡಿಸಿ ಹೇಳಿದರು. ಶ್ವಾಸನಾಳಗಳು ಕಿರಿದಾಗಿ, ಗಾಳಿಚೀಲಗಳು ಹರಿದು ಒಂದಾಗಿ, ಒಳಗೆ ಹೋದ ಗಾಳಿ ಪೂರ್ತಿ ಹೊರಗೆ ಬರುವುದಿಲ್ಲ. ಹಾಳಾದ ಭಾಗ ಮತ್ತೆ ಸರಿಹೋಗುವುದಿಲ್ಲ. ಔಷಧಿಯಿಂದ ಉಸಿರಾಟ ಹಗುರಾಗುತ್ತದೆ, ಅಷ್ಟೇ.

ಅವರು ಬರೆದುಕೊಟ್ಟ ಇನ್ಹೇಲರ್ ಪಂಪನ್ನು ನಾನು ಬಾಗಿಲು ಹಾಕಿಕೊಂಡು ಎಳೆದುಕೊಳ್ಳುತ್ತಿದ್ದೆ. ನಮ್ಮ ಕಡೆ ಕೆಮ್ಮುವ ಹೆಂಗಸನ್ನು ಜನ ನೋಡುವ ರೀತಿಯೇ ಬೇರೆ. ಕ್ಷಯವಿರಬಹುದೇ ಎಂಬ ಅನುಮಾನ ಅವರ ಕಣ್ಣಿನಲ್ಲಿ ಕಾಣುತ್ತದೆ, ಮಕ್ಕಳನ್ನು ಮೆಲ್ಲಗೆ ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. ಪಂಪು ಹಿಡಿದರೆ ಬಿಡಲಾಗದ ಚಟವಾಗುತ್ತದೆ ಎಂಬ ಮಾತು ಬೇರೆ. ನಮ್ಮ ಯಜಮಾನರಿಗೆ ಮಾತ್ರ ಎಲ್ಲ ಗೊತ್ತಿತ್ತು. "ಯಾರಿಗೂ ಹೇಳಬೇಡಿ" ಎಂದು ಅವರ ಬಾಯಿಗೂ ಬೀಗ ಹಾಕಿಸಿದ್ದೆ.

ಮಗಳು ಇರುವುದು ಜರ್ಮನಿಯಲ್ಲಿ, ಫ್ರಾಂಕ್‌ಫರ್ಟ್ ಹತ್ತಿರ. ಅವಳು ಬಸುರಿಯೆಂದು ತಿಳಿದ ದಿನವೇ ನಾನು ಹೊರಡುವುದೆಂದು ತೀರ್ಮಾನವಾಯಿತು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಅವಳು ತವರಿಗೆ ಬರಲಾಗದಿದ್ದರೆ ತವರೇ ಅಲ್ಲಿಗೆ ಹೋಗಬೇಕು. ಇದು ನನಗೆ ಪ್ರಶ್ನೆಯೇ ಇಲ್ಲದ ಮಾತಾಗಿತ್ತು. ಬಾಣಂತನಕ್ಕೆಂದು ಅಮೆರಿಕ, ಜರ್ಮನಿ, ಆಸ್ಟ್ರೇಲಿಯಾಗಳಿಗೆ ಹೊರಡುವ ನನ್ನ ವಯಸ್ಸಿನ ತಾಯಂದಿರು ಇವತ್ತು ಕರ್ನಾಟಕದ ಊರೂರಲ್ಲಿದ್ದಾರೆ. ಅವರಲ್ಲಿ ಎಷ್ಟು ಜನ ತಮ್ಮ ಬಿಪಿ, ಸಕ್ಕರೆ ಕಾಯಿಲೆ, ಉಬ್ಬಸಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ಹೊರಡುತ್ತಾರೋ. ಹೇಳಿದರೆ "ಬೇಡಮ್ಮ, ನೀನು ಬರಬೇಡ" ಎನ್ನುತ್ತಾರೆ ಎಂಬ ಭಯ. ನನಗೆ ಅದಕ್ಕಿಂತ ಸಣ್ಣದಾದ ಇನ್ನೊಂದು ಭಯವೂ ಇತ್ತು. ನಾನು ಹೋಗದಿದ್ದರೆ ಬೀಗಿತ್ತಿ ಹೋಗುತ್ತಾರೆ, ಮೊಮ್ಮಗುವಿಗೆ ಮೊದಲು ಎಣ್ಣೆ ನೀರು ಹಾಕುವ ಕೈ ಅವರದಾಗುತ್ತದೆ. ಈ ಮಾತನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಜ.

ವಾರಕ್ಕೆರಡು ಸಲ ವಿಡಿಯೋ ಕರೆಯಲ್ಲಿ ಮಗಳು ನನ್ನನ್ನು ನೋಡುತ್ತಿದ್ದಳು. ಕುಳಿತು ಮಾತಾಡುವಾಗ ನನಗೆ ಏನೂ ತೊಂದರೆಯಿಲ್ಲ. ಅವಳು ನೋಡಿದ್ದು ಕುಳಿತ ಅಮ್ಮನನ್ನು ಮಾತ್ರ. ಕೋವಿಡ್ ಕಾಲದಲ್ಲಿ ಅವಳೇ ಕಳಿಸಿಕೊಟ್ಟ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಮನೆಯಲ್ಲಿತ್ತು. "ಎಷ್ಟು ತೋರಿಸ್ತದೆ ಅಮ್ಮ?" ಎಂದು ಕೇಳಿದಾಗಲೆಲ್ಲ, ಕರೆ ಬರುವ ಮುಂಚೆಯೇ ಪಂಪು ಎಳೆದುಕೊಂಡು ಸುಧಾರಿಸಿಕೊಂಡು ಕುಳಿತಿರುತ್ತಿದ್ದ ನಾನು 93, 94 ತೋರಿಸುತ್ತಿದ್ದೆ. ತೋಟದ ಏರು ಹತ್ತಿ ಬಂದ ಮೇಲೆ ಅದೇ ಮೀಟರ್ 86ಕ್ಕೆ ಇಳಿಯುತ್ತದೆ ಎಂಬುದು ನನಗೂ ಯಜಮಾನರಿಗೂ ಮಾತ್ರ ಗೊತ್ತಿತ್ತು. ಶಿವಮೊಗ್ಗದ ತಜ್ಞರ ಬಳಿ ಹೋಗದೆ, ಪೇಟೆಯಲ್ಲಿ ನಮ್ಮ ಬಿಪಿ ನೋಡುವ ವೈದ್ಯರ ಬಳಿ ಹೋಗಿ ಪ್ರಯಾಣಕ್ಕೆ ಯೋಗ್ಯಳು ಎಂಬ ಚೀಟಿ ಬರೆಸಿಕೊಂಡೆ. ಅವರು ಎದೆಯ ಮೇಲೆ ಸ್ಟೆಥಾಸ್ಕೋಪ್ ಇಟ್ಟು ಕೇಳಿದರು. "ಕೆಮ್ಮು, ದಮ್ಮು ಏನಾದ್ರೂ ಇದೆಯಾ?" ಅಂದರು. ಇಲ್ಲ ಅಂದೆ. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ವೆಚ್ಚ ಭರಿಸುವ ಪ್ರಯಾಣ ವಿಮೆ ಕಡ್ಡಾಯ. ಆ ಅರ್ಜಿಯಲ್ಲಿ ಈಗಾಗಲೇ ಇರುವ ಕಾಯಿಲೆಗಳ ಪ್ರಶ್ನೆಗೂ ಇಲ್ಲ ಎಂದೇ ತುಂಬಿಸಿದೆ.

ವಿಮಾನದ ಒಳಗಿನ ಗಾಳಿಯ ವಿಷಯವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಎಷ್ಟೋ ಜನ ನನ್ನಂತೆಯೇ ತಪ್ಪು ತಿಳಿದಿರುತ್ತಾರೆ. ವಿಮಾನ ಮೂವತ್ತೈದು, ನಲವತ್ತು ಸಾವಿರ ಅಡಿ ಎತ್ತರದಲ್ಲಿ ಹಾರುತ್ತದೆ. ಒಳಗೆ ಯಂತ್ರಗಳಿಂದ ಗಾಳಿ ತುಂಬಿ ಒತ್ತಡ ಕಾಯುತ್ತಾರೆ, ಆದ್ದರಿಂದ ಒಳಗಿರುವವರಿಗೆ ನೆಲದ ಮೇಲಿದ್ದ ಹಾಗೆಯೇ ಎಂದು ನಾನು ನಂಬಿದ್ದೆ. ಅದು ಅರ್ಧ ಸತ್ಯ. ನೆಲದ ಮಟ್ಟದ ಒತ್ತಡವನ್ನೇ ಒಳಗೆ ಕಾಯಬೇಕಾದರೆ ವಿಮಾನದ ಮೈ ಇನ್ನೂ ದಪ್ಪ, ಇನ್ನೂ ಭಾರ ಇರಬೇಕಾಗುತ್ತದೆ. ಹಾಗಾಗಿ ಒಳಗಿನ ಒತ್ತಡವನ್ನು ಹೆಚ್ಚೆಂದರೆ 8,000 ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ಇಳಿಯಲು ಬಿಡುತ್ತಾರೆ. ಬೋಯಿಂಗ್ 787, ಏರ್‌ಬಸ್ ಎ350ರಂಥ ಹೊಸ ವಿಮಾನಗಳಲ್ಲಿ ಇದು 6,000 ಅಡಿಯ ಆಸುಪಾಸು. ಊಟಿ ಪೇಟೆ ಇರುವುದು ಸುಮಾರು 7,350 ಅಡಿ ಎತ್ತರದಲ್ಲಿ. ಅಂದರೆ ಹಳೆಯ ಮಾದರಿಯ ವಿಮಾನವೊಂದರಲ್ಲಿ ಕುಳಿತವರು ಊಟಿಗಿಂತ ಮೇಲೆ, ದೊಡ್ಡಬೆಟ್ಟಕ್ಕಿಂತ ತುಸು ಕೆಳಗೆ ಕುಳಿತು ಉಸಿರಾಡುತ್ತಿರುತ್ತಾರೆ. ಗಾಳಿಯಲ್ಲಿ ಆಕ್ಸಿಜನ್ನಿನ ಪಾಲು ಅಲ್ಲೂ 21 ಪ್ರತಿಶತವೇ, ಆದರೆ ಒತ್ತಡ ಕಡಿಮೆಯಾದ್ದರಿಂದ ಶ್ವಾಸಕೋಶಕ್ಕೆ ಸಿಗುವುದು ಸಮುದ್ರಮಟ್ಟದಲ್ಲಿ 15 ಪ್ರತಿಶತ ಆಕ್ಸಿಜನ್ ಉಸಿರಾಡಿದಷ್ಟು ಮಾತ್ರ.

ಹಿಂದೊಮ್ಮೆ ಶಾಲಾ ಪ್ರವಾಸದಲ್ಲಿ ಊಟಿಗೆ ಹೋಗಿದ್ದಾಗ ನಾನು ದೊಡ್ಡಬೆಟ್ಟದಲ್ಲಿ ಬಸ್ಸಿನಿಂದ ಇಳಿಯಲಿಲ್ಲ. ತಲೆನೋವು ಎಂದು ಮಕ್ಕಳಿಗೆ ಹೇಳಿ ಸೀಟಿನಲ್ಲೇ ಒರಗಿ ಕುಳಿತಿದ್ದೆ. ಎರಡು ಹೆಜ್ಜೆ ನಡೆದರೆ ಏದುಸಿರು ಬರುತ್ತಿತ್ತು. ಅಂಥವಳು ಹೆಚ್ಚುಕಡಿಮೆ ಅದೇ ಎತ್ತರದಲ್ಲಿ ಹತ್ತು ಗಂಟೆ ಕಳೆಯಲು ಹೊರಟಿದ್ದೆ, ಯಾರಿಗೂ ಹೇಳದೆ.

ಆರೋಗ್ಯವಂತರ ರಕ್ತದಲ್ಲೂ ವಿಮಾನದೊಳಗೆ ಆಕ್ಸಿಜನ್ ಮಟ್ಟ 97, 98ರಿಂದ ತೊಂಬತ್ತರ ಆಸುಪಾಸಿಗೆ ಇಳಿಯುತ್ತದೆ. ಅವರಿಗೆ ಅದು ಗೊತ್ತೇ ಆಗುವುದಿಲ್ಲ. ನನ್ನಂಥವರ ಕಥೆ ಬೇರೆಯಾಗಲು ಕಾರಣವಿದೆ. ರಕ್ತ ಆಕ್ಸಿಜನ್ನನ್ನು ಹಿಡಿದುಕೊಳ್ಳುವ ರೀತಿ ನಮ್ಮ ಆಗುಂಬೆಯ ದಾರಿಯಂತೆ. ತೀರ್ಥಹಳ್ಳಿಯಿಂದ ಆಗುಂಬೆಯವರೆಗೆ ರಸ್ತೆ ಹೆಚ್ಚು ಏರಿಳಿತವಿಲ್ಲದೆ ಸಾಗುತ್ತದೆ, ಅಲ್ಲಿಂದ ಮುಂದೆ ಒಮ್ಮೆಗೇ ಘಾಟಿ. ಶ್ವಾಸಕೋಶದಲ್ಲಿ ಒತ್ತಡ ಸ್ವಲ್ಪ ಕಡಿಮೆಯಾದರೂ ಆರೋಗ್ಯವಂತರ ರಕ್ತ ಸಮತಟ್ಟಿನಲ್ಲೇ ಇರುತ್ತದೆ. ಕುಳಿತಾಗಲೇ 93 ಇರುವವರು ಘಾಟಿಯ ತುದಿಗೆ ಬಂದು ನಿಂತವರು. ಅವರಿಗೆ ಅಷ್ಟೇ ಒತ್ತಡ ಕಡಿಮೆಯಾದರೆ ಸಂಖ್ಯೆ ಎಂಬತ್ತಕ್ಕೆ, ಅದಕ್ಕೂ ಕೆಳಕ್ಕೆ ಜಾರುತ್ತದೆ. ಎದ್ದು ನಡೆದರೆ ಇನ್ನೂ ಕೆಳಗೆ.

ಬೆಂಗಳೂರಿನ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್‌ನಲ್ಲಿ ದಾರಿ ಉದ್ದ. ಗಾಲಿಕುರ್ಚಿ ಬೇಕೇ ಎಂದು ಅಳಿಯ ಟಿಕೆಟ್ ಮಾಡಿಸುವಾಗಲೇ ಕೇಳಿದ್ದರು. "ನಾನೇನು ಮುದುಕಿಯಾ?" ಎಂದು ಮಾತು ಮುಗಿಸಿದ್ದೆ. ಆ ರಾತ್ರಿ ನಾಲ್ಕು ಹೆಜ್ಜೆಗೊಮ್ಮೆ ನಿಂತು, ಮೇಲಿಂದ ಇಳಿಬಿಟ್ಟ ಗಿಡಗಳನ್ನು ನೋಡುವವಳಂತೆ ಕತ್ತೆತ್ತಿ ಉಸಿರು ಹಿಡಿದುಕೊಳ್ಳುತ್ತ ಗೇಟು ಸೇರಿದೆ. ಪಂಪು ನನ್ನ ಕೈಚೀಲದಲ್ಲಿ ಇರಲಿಲ್ಲ. ತಪಾಸಣೆಯಲ್ಲಿ ಚೀಲ ಬಿಚ್ಚಿಸಿ ಇದೇನು ಎಂದು ಎಲ್ಲರೆದುರು ಕೇಳಿಯಾರು ಎಂದು ಅದನ್ನು ದೊಡ್ಡ ಪೆಟ್ಟಿಗೆಯಲ್ಲಿ, ಶುಂಠಿ ಲೇಹ್ಯದ ಡಬ್ಬಿಯ ಕೆಳಗೆ ಇಟ್ಟಿದ್ದೆ. ಪೆಟ್ಟಿಗೆ ಆಗಲೇ ಒಳಗೆ ಹೋಗಿಯಾಗಿತ್ತು.

ಮೊದಲ ಕೆಲವು ಗಂಟೆ ನನಗೆ ಏನೂ ಆಗಲಿಲ್ಲ. ಈ ಮಾತನ್ನು ಓದುಗರು ಗಮನಿಸಬೇಕು. ಏನೂ ಆಗುತ್ತಿಲ್ಲ ಎಂದು ನನಗೆ ಅನಿಸಿತು ಅಷ್ಟೇ, ಒಳಗೆ ಆಗುತ್ತಲೇ ಇತ್ತು. ಮೈ ಹಗುರವಾದಂತೆ, ಮನಸ್ಸಿಗೆ ಯಾವ ಚಿಂತೆಯೂ ಇಲ್ಲದಂತೆ ಒಂದು ಸುಖ. ಊಟ ಬೇಡವಾಯಿತು. ಪಕ್ಕದವರು ಏನೋ ಕೇಳಿದರೆ ಉತ್ತರಿಸಲು ಪದ ಸಿಗದೆ ನಕ್ಕೆ. ನನಗೆ ನಿದ್ದೆ ಬಂದಿದೆ ಎಂದು ಅವರು ದೀಪ ಆರಿಸಿದರು. ಬಚ್ಚಲಿಗೆಂದು ಎದ್ದು ಹಿಂಬದಿಗೆ ನಡೆದದ್ದು ನೆನಪಿದೆ. ಬಾಗಿಲಿನ ಹತ್ತಿರ ಕಾಲು ಸೋತದ್ದು ನೆನಪಿದೆ. ನಡುವಿನದು ನೆನಪಿಲ್ಲ.

ಕಣ್ಣು ಬಿಟ್ಟಾಗ ಗಗನಸಖಿಯರು ನನ್ನನ್ನು ನೆಲದ ಮೇಲೆ ಒರಗಿಸಿ ಕೂರಿಸಿದ್ದರು. ವೈದ್ಯರು ಯಾರಾದರೂ ಇದ್ದೀರಾ ಎಂಬ ಪ್ರಕಟಣೆಗೆ ಎದ್ದು ಬಂದವಳು ಕನ್ನಡದ ಹುಡುಗಿ. ಅವಳು ಬೆರಳಿಗೆ ಸಿಕ್ಕಿಸಿದ ಮೀಟರ್ 74 ತೋರಿಸಿತಂತೆ. ಅವಳು ಕೇಳಿದಳು, ನಾನು ಏನೂ ಇಲ್ಲ ಅಂದೆ. ಯಾವ ಕಾಯಿಲೆಯೂ ಇಲ್ಲದ, ಅರವತ್ತು ದಾಟಿದ ಹೆಂಗಸಿಗೆ ಹೀಗಾದರೆ ಯಾವ ವೈದ್ಯರಾದರೂ ಹೃದಯಾಘಾತವೋ, ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಯಿತೋ ಎಂದು ಯೋಚಿಸುತ್ತಾರೆ. ಅವಳೂ ಹಾಗೇ ಯೋಚಿಸಿದಳು. ವಿಮಾನದಲ್ಲಿ ತುರ್ತಿಗೆಂದು ಇಟ್ಟಿರುವ ಸಿಲಿಂಡರಿನಿಂದ, ಅದು ಕೊಡುವಷ್ಟೂ ಹೆಚ್ಚಿನ ಹರಿವಿನಲ್ಲಿ ಆಕ್ಸಿಜನ್ ಕೊಟ್ಟಳು. ಹತ್ತಿರದ ಊರಿನಲ್ಲಿ ಇಳಿಸಬೇಕೇ ಎಂದು ಪೈಲಟ್ ಜೊತೆ ಮಾತುಕತೆ ನಡೆಯಿತು. ಸಂಖ್ಯೆ ಮೇಲೇರಿದ್ದರಿಂದ ಮುಂದುವರಿದರು.

ನನ್ನ ಸುಳ್ಳು ಇಲ್ಲಿ ಎರಡನೇ ಸಲ ಅಪಾಯ ತಂದಿತು. ಸಿಒಪಿಡಿ ಬಹಳ ಕಾಲದಿಂದ ಇರುವ ಕೆಲವರಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಆಕ್ಸಿಜನ್ ಕೊಟ್ಟರೆ ರಕ್ತದಲ್ಲಿ ಕಾರ್ಬನ್ ಡೈ ಆಕ್ಸೈಡ್ ಏರುತ್ತದೆ. ಆದ್ದರಿಂದ ನಮ್ಮಂಥವರಿಗೆ 88ರಿಂದ 92ರ ನಡುವೆ ನಿಲ್ಲುವಂತೆ ಅಳೆದು ಕೊಡಬೇಕು. 98, 99 ಮುಟ್ಟಿಸುವುದು ಒಳ್ಳೆಯದಲ್ಲ. ಕಾಯಿಲೆಯೇ ಗೊತ್ತಿಲ್ಲದಿದ್ದರೆ ಹಾಗೆ ಅಳೆಯುವುದು ಹೇಗೆ? ವಿಮಾನದಲ್ಲಿ, ಆಮೇಲೆ ಆಂಬುಲೆನ್ಸಿನಲ್ಲಿ, ನನ್ನ ಮುಖಕ್ಕೆ ಹೆಚ್ಚಿನ ಹರಿವಿನ ಮುಖವಾಡವೇ ಇತ್ತು. ತಲೆ ಸಿಡಿಯುತ್ತಿತ್ತು, ಮಂಪರು ಕವಿಯುತ್ತಿತ್ತು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸಿದಾಗ ಕಾರ್ಬನ್ ಡೈ ಆಕ್ಸೈಡ್ ಬಹಳ ಏರಿತ್ತು. ಬಿಗಿಯಾದ ಇನ್ನೊಂದು ಮುಖವಾಡ ಕಟ್ಟಿ, ಯಂತ್ರದಿಂದ ಗಾಳಿ ಒತ್ತಿ ಉಸಿರಾಡಿಸಿದರು. ಇದ್ಯಾವುದೂ ಆ ಹುಡುಗಿಯ ತಪ್ಪಲ್ಲ. ಅವಳು ನನ್ನ ಜೀವ ಉಳಿಸಿದಳು. ಅವಳು ತನ್ನ ಕೆಲಸ ಸರಿಯಾಗಿ ಮಾಡಲು ಬೇಕಾಗಿದ್ದ ಒಂದೇ ಒಂದು ಸಂಗತಿಯನ್ನು ನಾನು ಕೊಡಲಿಲ್ಲ.

ಮಗಳು ಒಂಬತ್ತು ತಿಂಗಳ ಹೊಟ್ಟೆ ಹೊತ್ತು ಆಸ್ಪತ್ರೆಗೆ ಓಡಿ ಬಂದಳು. ಅಲ್ಲಿಯ ವೈದ್ಯರು ತಾಯಿಯ ಹಳೆಯ ಕಾಯಿಲೆಗಳನ್ನು ಕೇಳಿದಾಗ ಅವಳು ಬಹಳ ಖಚಿತವಾಗಿ "ಇಲ್ಲ" ಎಂದಿದ್ದಳು, ಅವಳಿಗೆ ತಿಳಿದಿದ್ದು ಅಷ್ಟೇ. ನನಗೆ ಬಟ್ಟೆ ತರಲೆಂದು ಪೆಟ್ಟಿಗೆ ಬಿಚ್ಚಿದಾಗ ಲೇಹ್ಯ, ಅಂಟಿನುಂಡೆ, ಓಮದ ಪುಡಿಗಳ ಕೆಳಗೆ ಪಂಪು ಸಿಕ್ಕಿತು. ಅದನ್ನು ಹಿಡಿದುಕೊಂಡು ಬಂದು ಮಂಚದ ಪಕ್ಕ ಕುಳಿತಳು. "ಎಷ್ಟು ವರ್ಷದಿಂದ ಅಮ್ಮ?" ಅಂದಳು. ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಅವಳ ಹೆರಿಗೆಯ ಹೊತ್ತಿಗೆ ನಾನು ಆಸ್ಪತ್ರೆಯಿಂದ ಮನೆಗೆ ಬಂದಿದ್ದೆ, ಆದರೆ ಮಗುವನ್ನು ಎತ್ತಿಕೊಂಡು ನಾಲ್ಕು ಹೆಜ್ಜೆ ನಡೆಯಲಾರದವಳಾಗಿದ್ದೆ. ದಾವಣಗೆರೆಯಿಂದ ಬೀಗಿತ್ತಿ ಬಂದರು. ಮಗುವಿಗೆ ಎಣ್ಣೆ ನೀರು ಹಾಕಿದ್ದು ಅವರೇ, ನನ್ನ ಮಗಳಿಗೆ ಪಥ್ಯ ಮಾಡಿ ಹಾಕಿದ್ದೂ ಅವರೇ. ಬಾಣಂತಿಯ ಜೊತೆಗೆ ನನಗೂ ಬಿಸಿ ಗಂಜಿ ತಂದುಕೊಟ್ಟರು. ಒಂದು ದಿನವೂ ಮುಖ ಸಿಂಡರಿಸಲಿಲ್ಲ, ಒಂದು ಮಾತು ಎತ್ತಿ ಆಡಲಿಲ್ಲ. ವಿಮೆ ಕಂಪನಿಯವರು ಮೊದಲೇ ಇದ್ದ ಕಾಯಿಲೆಯನ್ನು ತಿಳಿಸಿಲ್ಲ ಎಂದು ಹಣ ನಿರಾಕರಿಸಿದರು. ಅವರ ಮೇಲೆ ನನಗೆ ದೂರಿಲ್ಲ, ಅವರು ಹೇಳಿದ್ದು ನಿಜವೇ ಆಗಿತ್ತು. ಆಸ್ಪತ್ರೆಯ ಬಿಲ್ಲನ್ನು ಅಳಿಯ ಕಂತಿನಲ್ಲಿ ಕಟ್ಟಿದರು. ಮನೆ ಕೊಳ್ಳಲು ಕೂಡಿಟ್ಟ ಹಣ ಅದು.

ಆ ಬಿಡುವಿನ ದಿನಗಳಲ್ಲಿ ಓದುತ್ತ ಕುಳಿತಾಗ 1875ರ ಒಂದು ಘಟನೆ ನನ್ನನ್ನು ಬಹಳ ಕಾಡಿತು. ಆ ವರ್ಷ ಏಪ್ರಿಲ್ 15ರಂದು ಫ್ರಾನ್ಸಿನಲ್ಲಿ ತಿಸ್ಸಾಂದಿಯೆ, ಕ್ರೋಸೆ-ಸ್ಪಿನೆಲ್ಲಿ, ಸಿವೆಲ್ ಎಂಬ ಮೂವರು ಜೆನಿತ್ ಎಂಬ ಬಲೂನಿನಲ್ಲಿ ಮೇಲೇರಿದರು. ಎತ್ತರದ ಗಾಳಿಯ ಅಪಾಯ ಅವರಿಗೆ ತಿಳಿದಿತ್ತು, ಆಕ್ಸಿಜನ್ ತುಂಬಿದ ಚೀಲಗಳನ್ನು ಜೊತೆಗೆ ಒಯ್ದಿದ್ದರು. ಒತ್ತಡ ಮತ್ತು ಉಸಿರಾಟದ ಸಂಬಂಧವನ್ನು ಶೋಧಿಸಿದ ಪಾಲ್ ಬೆರ್, ಆ ಆಕ್ಸಿಜನ್ ಸಾಲದು ಎಂದು ಬರೆದ ಪತ್ರ ತಡವಾಗಿ ತಲುಪಿತ್ತು. ಬಲೂನು 8,000 ಮೀಟರು ದಾಟಿದಾಗ ಕೈಗೆಟಕುವಷ್ಟು ಹತ್ತಿರದಲ್ಲೇ ಕೊಳವೆ ಇದ್ದರೂ ಅದನ್ನು ಬಾಯಿಗೆ ತಂದುಕೊಳ್ಳಲು ಅವರ ಕೈ ಏಳಲಿಲ್ಲ. ಇಬ್ಬರು ಅಲ್ಲೇ ಸತ್ತರು. ಬದುಕಿ ಬಂದ ತಿಸ್ಸಾಂದಿಯೆ, ಆ ಹೊತ್ತಿನಲ್ಲಿ ತನಗೆ ನೋವೇನೂ ಇರಲಿಲ್ಲ, ಒಂದು ಬಗೆಯ ಆನಂದವೇ ಇತ್ತು ಎಂದು ಬರೆದಿದ್ದಾನೆ. ಅದನ್ನು ಓದುವಾಗ ನನ್ನ ಮೈ ನಡುಗಿತು. ಆಕ್ಸಿಜನ್ ಕಡಿಮೆಯಾದಾಗ ಮೊದಲು ಮಂಕಾಗುವುದು ತನಗೆ ಏನಾಗುತ್ತಿದೆ ಎಂದು ತಿಳಿಯುವ ಬುದ್ಧಿ. ಆದ್ದರಿಂದ "ನನಗೆ ಆರಾಮಾಗಿದೆ" ಎಂಬ ಮಾತಿಗೆ ಆ ಎತ್ತರದಲ್ಲಿ ಬೆಲೆಯಿಲ್ಲ. ಹೇಳಬೇಕಾದ್ದನ್ನು, ಅಳೆಯಬೇಕಾದ್ದನ್ನು ನೆಲದ ಮೇಲೆ ಬುದ್ಧಿ ಸರಿಯಿರುವಾಗಲೇ ಮಾಡಿ ಮುಗಿಸಬೇಕು.

ಅಳೆಯುವ ವಿಧಾನ ಇದೆ ಎಂದು ನನಗೆ ಗೊತ್ತಾದದ್ದು ಹಿಂತಿರುಗುವ ಮುಂಚೆ. ಜರ್ಮನಿಯ ಶ್ವಾಸಕೋಶ ತಜ್ಞೆ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, 15 ಪ್ರತಿಶತ ಆಕ್ಸಿಜನ್ ಇರುವ ಗಾಳಿಯನ್ನು ಇಪ್ಪತ್ತು ನಿಮಿಷ ಉಸಿರಾಡಿಸಿದರು. ಕುಳಿತ ಜಾಗದಲ್ಲೇ ವಿಮಾನದ ಎತ್ತರಕ್ಕೆ ಒಯ್ದಂತೆ. ಈ ಪರೀಕ್ಷೆಯಲ್ಲಿ ಸಂಖ್ಯೆ 85ಕ್ಕಿಂತ ಕೆಳಗಿಳಿದರೆ ಪ್ರಯಾಣದಲ್ಲಿ ಆಕ್ಸಿಜನ್ ಬೇಕು ಎಂಬುದು ಬ್ರಿಟಿಷ್ ಥೊರಾಸಿಕ್ ಸೊಸೈಟಿಯ ಮಾರ್ಗಸೂಚಿ. ನನ್ನದು 79ಕ್ಕೆ ಬಂತು. ಮೂಗಿಗೆ ಸಣ್ಣ ಕೊಳವೆ ಇಟ್ಟು ನಿಮಿಷಕ್ಕೆ ಎರಡು ಲೀಟರ್ ಕೊಟ್ಟಾಗ 90ಕ್ಕೆ ಏರಿ ಅಲ್ಲೇ ನಿಂತಿತು. ಇಷ್ಟೇ ಆಗಿತ್ತು ನನಗೆ ಬೇಕಾಗಿದ್ದದ್ದು. ಬರುವಾಗಲೂ ಇಷ್ಟೇ ಬೇಕಾಗಿತ್ತು. ಕಾಯಿಲೆ ಹೇಳಿದರೆ ಬರಬೇಡ ಎನ್ನುತ್ತಾರೆ ಎಂದು ಹೆದರಿದ್ದೆನಲ್ಲ, ಹೇಳಿದ್ದರೆ ಹತ್ತು ಗಂಟೆಯೂ ನೆಮ್ಮದಿಯಾಗಿ ಹೋಗಿ ಮಗಳ ಬಾಣಂತನ ಮಾಡಬಹುದಿತ್ತು. ಈ ಸಂಗತಿಯನ್ನು ಅರಗಿಸಿಕೊಳ್ಳಲು ನನಗೆ ಇವತ್ತಿಗೂ ಆಗಿಲ್ಲ.

ಈ ಪರೀಕ್ಷೆ ಎಲ್ಲ ಊರಿನಲ್ಲೂ ಸಿಗುವುದಿಲ್ಲ. ಸಿಗದ ಕಡೆ ತಜ್ಞರು ನಡೆಸಿ ನೋಡಿ, ಊದಿಸಿ ನೋಡಿ, ಕುಳಿತಾಗಿನ ಸಂಖ್ಯೆ ನೋಡಿ ಅಂದಾಜು ಹೇಳುತ್ತಾರೆ. ಕುಳಿತಾಗಲೇ 92ಕ್ಕಿಂತ ಕಡಿಮೆಯಿರುವವರಿಗೆ ಪ್ರಯಾಣದಲ್ಲಿ ಆಕ್ಸಿಜನ್ ಬೇಕೆಂದೇ ವೈದ್ಯರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಬೆರಳಿನ ಮೀಟರ್ ಒಂದನ್ನೇ ನಂಬಬಾರದು, ಮೈಬಣ್ಣ ಕಪ್ಪಾದಷ್ಟೂ ಅದು ನಿಜಕ್ಕಿಂತ ಹೆಚ್ಚು ತೋರಿಸುವುದುಂಟು. ವಿಮಾನ ಕಂಪನಿಗಳು ವೈದ್ಯರಿಂದ ತುಂಬಿಸಿ ತರಬೇಕಾದ ಒಂದು ನಮೂನೆ ಇಟ್ಟಿರುತ್ತವೆ, ಅದಕ್ಕೆ ಮೆಡಿಫ್ ಎನ್ನುತ್ತಾರೆ. ಹೊರಡುವ ಎರಡು ಮೂರು ದಿನಕ್ಕೆ ಮುಂಚೆ ಕೊಟ್ಟರೂ ನಡೆಯುತ್ತದೆ ಎಂದು ಹಲವು ಕಡೆ ಇರುತ್ತದೆ. ಆದರೆ ಆಕ್ಸಿಜನ್ ವ್ಯವಸ್ಥೆ ಆಗಬೇಕಾದರೆ ಟಿಕೆಟ್ ಮಾಡಿಸುವಾಗಲೇ ಕೇಳಿಕೊಳ್ಳುವುದು ಒಳ್ಳೆಯದು. ಮನೆಯ ಸಿಲಿಂಡರ್ ಒಯ್ಯಲು ಸಾಮಾನ್ಯವಾಗಿ ಬಿಡುವುದಿಲ್ಲ. ಗಾಳಿಯಿಂದಲೇ ಆಕ್ಸಿಜನ್ ಬೇರ್ಪಡಿಸಿ ಕೊಡುವ ಸಣ್ಣ ಯಂತ್ರಗಳನ್ನು, ಮುಂಚಿತವಾಗಿ ಅನುಮತಿ ಪಡೆದು ಒಯ್ಯಬಹುದು. ಬ್ಯಾಟರಿ ಮಾತ್ರ ಪ್ರಯಾಣದ ಅವಧಿಯ ಒಂದೂವರೆ ಪಟ್ಟು ಬಾಳುವಷ್ಟು ಇರಬೇಕು, ಮತ್ತು ಹೆಚ್ಚುವರಿ ಬ್ಯಾಟರಿಗಳು ಕೈಚೀಲದಲ್ಲೇ ಇರಬೇಕು. ನಡುವೆ ವಿಮಾನ ಬದಲಿಸುವವರು ನಿಲ್ದಾಣದಲ್ಲಿ ಕಾಯುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಬೇಕು, ಏಕೆಂದರೆ ವಿಮಾನ ಕಂಪನಿಯ ಆಕ್ಸಿಜನ್ ವಿಮಾನದ ಒಳಗೆ ಮಾತ್ರ.

ತಲೆಯ ಮೇಲಿಂದ ಇಳಿಬೀಳುವ ಹಳದಿ ಮುಖವಾಡಗಳು ಇವೆಯಲ್ಲ ಎಂದು ಕೆಲವರು ಧೈರ್ಯ ಹೇಳುವುದುಂಟು. ಅವು ವಿಮಾನದ ಒತ್ತಡವೇ ಕುಸಿದರೆ ಪೈಲಟ್ ಕೆಳಗಿಳಿಯುವವರೆಗೆ, ಹತ್ತಿಪ್ಪತ್ತು ನಿಮಿಷಕ್ಕೆ ಮಾತ್ರ. ರೋಗಿಗಳಿಗಾಗಿ ಇಟ್ಟದ್ದಲ್ಲ.

ಇನ್ನೊಂದು ಎಚ್ಚರಿಕೆ ಬಾಯ್ಲನ ನಿಯಮದ್ದು. ಒತ್ತಡ ಇಳಿದರೆ ಅನಿಲ ಹಿಗ್ಗುತ್ತದೆ. ಘಾಟಿ ಹತ್ತುವಾಗ ಚಿಪ್ಸ್ ಪೊಟ್ಟಣ ಉಬ್ಬಿದ್ದನ್ನು ಎಲ್ಲರೂ ನೋಡಿರುತ್ತೇವೆ. ವಿಮಾನದ ಎತ್ತರದಲ್ಲಿ ದೇಹದೊಳಗೆ ಸಿಕ್ಕಿಬಿದ್ದ ಗಾಳಿಯೂ ಸುಮಾರು ಮೂರನೇ ಒಂದು ಪಾಲು ಹಿಗ್ಗುತ್ತದೆ. ಶ್ವಾಸಕೋಶ ತೂತಾಗಿ ಎದೆಗೂಡಿನಲ್ಲಿ ಗಾಳಿ ಸೇರಿಕೊಂಡಿರುವವರು ಅದು ಪೂರ್ತಿ ವಾಸಿಯಾಗಿದೆ ಎಂದು ಎಕ್ಸ್‌ರೇಯಲ್ಲಿ ಖಾತ್ರಿಯಾಗುವವರೆಗೆ, ಆದ ಮೇಲೂ ವೈದ್ಯರು ಹೇಳಿದಷ್ಟು ದಿನ, ವಿಮಾನ ಹತ್ತಲೇಬಾರದು.

ಹಿಂದಿರುಗುವಾಗ ಯಜಮಾನರು ಬಂದು ನನ್ನನ್ನು ಕರೆದುಕೊಂಡು ಬಂದರು. ಬಾಡಿಗೆಗೆ ತಂದ ಯಂತ್ರ ಸೀಟಿನ ಕೆಳಗೆ, ಮೂಗಿಗೆ ಕೊಳವೆ, ಪಂಪು ಸೆರಗಿನ ಗಂಟಿನಷ್ಟು ಹತ್ತಿರದಲ್ಲಿ. ಸೀಟು ಬಚ್ಚಲಿಗೆ ಸಮೀಪ, ನಡೆಯುವ ದಾರಿಯ ಪಕ್ಕದಲ್ಲಿ. ಗಾಲಿಕುರ್ಚಿಯಲ್ಲಿ ಕುಳಿತು ವಿಮಾನದವರೆಗೆ ಹೋದೆ. ಈ ಯಂತ್ರ ನಾವು ಉಸಿರೆಳೆದಾಗ ಮಾತ್ರ ಆಕ್ಸಿಜನ್ ಬಿಡುತ್ತದೆ, ಗಾಢ ನಿದ್ದೆಯಲ್ಲಿ ಉಸಿರು ಮೆಲ್ಲಗಾದರೆ ಅದಕ್ಕೆ ತಿಳಿಯದೆ ಹೋಗಬಹುದು ಎಂದಿದ್ದರಿಂದ ಯಜಮಾನರು ನನಗೆ ನಿದ್ದೆ ಹತ್ತಿದಾಗಲೆಲ್ಲ ಬೆರಳಿಗೆ ಮೀಟರ್ ಸಿಕ್ಕಿಸಿ ನೋಡುತ್ತಿದ್ದರು. 89ಕ್ಕಿಂತ ಕೆಳಗೆ ಇಳಿಯಲಿಲ್ಲ. ನಾನು ಅಷ್ಟು ವರ್ಷ ಹೆದರಿದ್ದ ಜನರ ನೋಟ ಎಲ್ಲಿಯೂ ಕಾಣಲಿಲ್ಲ. ಮೂಗಿನ ಕೊಳವೆಯನ್ನು ಯಾರೂ ಎರಡನೇ ಸಲ ತಿರುಗಿ ನೋಡಲಿಲ್ಲ.

ಈಗ ನಮ್ಮ ಬಚ್ಚಲ ಒಲೆ ಆರಿದೆ, ಸೂರಿನ ಮೇಲೆ ಸೋಲಾರ್ ಬಂದಿದೆ. ಊರಿನಲ್ಲಿ ಕೇಳಿದವರಿಗೆಲ್ಲ ಕಾಯಿಲೆಯ ಹೆಸರನ್ನು ಸರಿಯಾಗಿ ಹೇಳುತ್ತೇನೆ. ಹೇಳಲು ತೊಡಗಿದ ಮೇಲೆ ಪಕ್ಕದ ಕೇರಿಯ ಇಬ್ಬರು ಹೆಂಗಸರು ತಾವೂ ಬಾಗಿಲು ಹಾಕಿಕೊಂಡು ಪಂಪು ಎಳೆದುಕೊಳ್ಳುವುದನ್ನು ನನ್ನ ಹತ್ತಿರ ಹೇಳಿಕೊಂಡರು.

ದೂರದ ದೇಶದಲ್ಲಿದ್ದು ಅಮ್ಮನನ್ನು ಕರೆಸಿಕೊಳ್ಳುವ ಮಕ್ಕಳಲ್ಲಿ ನನ್ನದೊಂದು ಬೇಡಿಕೆ. "ಹುಷಾರಾಗಿದ್ದೀಯಾ ಅಮ್ಮ?" ಎಂದು ಕೇಳಬೇಡಿ, ಆ ಪ್ರಶ್ನೆಗೆ ನಾವು ಹುಟ್ಟಿದಂದಿನಿಂದ ಒಂದೇ ಉತ್ತರ ಕೊಡುತ್ತ ಬಂದಿದ್ದೇವೆ. ಫೋನು ಹಿಡಿದುಕೊಂಡೇ ಮೆಟ್ಟಿಲು ಹತ್ತಿ ತೋರಿಸಲು ಹೇಳಿ. ಎಲ್ಲಿ ನಿಲ್ಲುತ್ತಾಳೆ, ಮಾತು ಎಲ್ಲಿ ತುಂಡಾಗುತ್ತದೆ ಎಂದು ಕಿವಿಗೊಟ್ಟು ಕೇಳಿ. ತಡೆದು ಮಾತಾಡಿದರೆ ಶ್ವಾಸಕೋಶ ತಜ್ಞರಿಗೆ ತೋರಿಸಿ. ಟಿಕೆಟ್ ಆಮೇಲೆ ಮಾಡಿಸಿ.